ಹಾಸನ, ಚಿಕ್ಕಮಗಳೂರಿನಲ್ಲಿ ಮನೆ ದಿನಸಿಗೆ ಯಾವ ಕ್ರೆಡಿಟ್ ಕಾರ್ಡ್? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೆಡಿಟ್ ಕಾರ್ಡ್ ಬಗ್ಗೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ದೊಡ್ಡ ನಗರದವರಿಗಾಗಿಯೇ ಇರುತ್ತವೆ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡುವ ಆ್ಯಪ್, ವಿಮಾನ ನಿಲ್ದಾಣದ ಲೌಂಜ್, ಮಾಲ್ ಆಫರ್, ಇವೇ ಮಾತು. ಸಂತೇಪೇಟೆಯಲ್ಲೋ ಎಂ.ಜಿ. ರಸ್ತೆಯಲ್ಲೋ ತಿಂಗಳ ಸಾಮಾನು ಕಟ್ಟಿಸಿಕೊಳ್ಳುವವರಿಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ನಮ್ಮ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕಾರ್ಡ್‌ಗಳ ಆಫರ್ ಆಗಾಗ ಬದಲಾಗುತ್ತಿರುತ್ತದೆ. ಹಾಗಾಗಿ ಅರ್ಜಿ ಹಾಕುವ ದಿನ ಬ್ಯಾಂಕ್‌ನ ಈಗಿನ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ದಿನಸಿ ತರೋದಕ್ಕೆ ಕ್ರೆಡಿಟ್ ಕಾರ್ಡ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೂ ಅದೇ ತೊಗರಿಬೇಳೆ, ಅದೇ ಬೆಲೆ. ಕಾರ್ಡ್ ಇದ್ದರೆ ದುಡ್ಡು ಕಟ್ಟಲು ಸುಮಾರು 20ರಿಂದ 50 ದಿನ ಬಡ್ಡಿಯಿಲ್ಲದ ಸಮಯ ಸಿಗುತ್ತದೆ. ನೂರಕ್ಕೆ ಒಂದೋ ಎರಡೋ ರೂಪಾಯಿ ವಾಪಸ್ ಬರುತ್ತದೆ. ಸರಿಯಾಗಿ ಕಟ್ಟುತ್ತಾ ಹೋದರೆ ಸಿಬಿಲ್ ಅಂಕವೂ (ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ) ಬೆಳೆಯುತ್ತದೆ. ಮುಂದೆ ಮನೆ ಸಾಲಕ್ಕೆ ಬ್ಯಾಂಕ್‌ಗೆ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ. ಕ್ಯಾಶ್‌ಬ್ಯಾಕ್‌ಗಿಂತ ಇದೇ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವುದು ಕಷ್ಟ ಅಂತ ಈಗಲೇ ಅನ್ನಿಸುತ್ತಿದ್ದರೆ ಕಾರ್ಡ್ ತಗೊಳ್ಳಬೇಡಿ. ಏಕೆ ಅನ್ನುವುದನ್ನು ಬಡ್ಡಿಯ ಪ್ರಶ್ನೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದೇನೆ.

ಇಷ್ಟೊಂದು ಕಾರ್ಡ್‌ಗಳಿವೆ. ಎಲ್ಲಿಂದ ಶುರು ಮಾಡೋದು?

ಕಾರ್ಡ್‌ಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಮೊದಲು ನಿಮ್ಮ ಮನೆಯ ಒಂದು ತಿಂಗಳ ಖರ್ಚು ಎಲ್ಲೆಲ್ಲಿ ಹೋಗುತ್ತದೆ ಅಂತ ಬರೆಯಿರಿ. ಎಷ್ಟು ಅನ್ನುವುದಕ್ಕಿಂತ ಎಲ್ಲಿ, ಹೇಗೆ ಅನ್ನುವುದು ಮುಖ್ಯ. ಸ್ವೈಪ್ ಮಷಿನ್ ಇರುವ ಅಂಗಡಿಯಾ, ಬರೀ ಕ್ಯೂಆರ್ ಇರುವ ಅಂಗಡಿಯಾ, ನಗದೇ ಬೇಕಾ, ಆನ್‌ಲೈನಾ?

ತಿಂಗಳಿಗೆ 10,000 ರೂ. ದಿನಸಿ ಖರ್ಚಿನ ಒಂದು ಮನೆ ಅಂದುಕೊಳ್ಳೋಣ. ಬೀದಿ ಕೊನೆಯ ಕಿರಾಣಿ ಅಂಗಡಿಗೆ 4,000. ಬಿ.ಎಂ. ರಸ್ತೆಯ ಕಡೆ ಹೋದಾಗ ಸೂಪರ್ ಮಾರ್ಕೆಟ್‌ನಲ್ಲಿ 3,000. ಹಾಲು, ಮೊಸರಿಗೆ 1,500. ಕಟ್ಟಿನಕೆರೆ ಮಾರುಕಟ್ಟೆಯ ತರಕಾರಿ, ಭಾನುವಾರದ ಮಾಂಸಕ್ಕೆ 1,500. ಈ ಮನೆಗೆ ಎರಡು ಕಾರ್ಡ್ ಹಾಕಿ ನೋಡೋಣ.

ಮೊದಲನೆಯದು ಆನ್‌ಲೈನ್‌ಗೆ ಶೇ. 5, ಅಂಗಡಿಗೆ ಶೇ. 1 ಕೊಡುವ ಕಾರ್ಡ್. ಯುಪಿಐಗೆ ಸೇರಿಸಲು ಆಗುವುದಿಲ್ಲ. ವರ್ಷಕ್ಕೆ 999 ರೂ. ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 1,179. ಈ ಮನೆಯಲ್ಲಿ ಅದು ನಡೆಯುವುದು ಸೂಪರ್ ಮಾರ್ಕೆಟ್‌ನ 3,000ಕ್ಕೆ ಮಾತ್ರ. ತಿಂಗಳಿಗೆ 30 ರೂ., ವರ್ಷಕ್ಕೆ 360. ಶುಲ್ಕ ಕಳೆದರೆ 819 ರೂ. ಕೈಯಿಂದಲೇ ಹೋಯಿತು.

ಎರಡನೆಯದು ಶುಲ್ಕವೇ ಇಲ್ಲದ ರುಪೇ ಕಾರ್ಡ್ (ರುಪೇ ಅಂದರೆ ವೀಸಾ, ಮಾಸ್ಟರ್‌ಕಾರ್ಡ್ ಥರದ ನಮ್ಮ ದೇಶದ ಕಾರ್ಡ್ ನೆಟ್‌ವರ್ಕ್). ಎಲ್ಲದಕ್ಕೂ, ಯುಪಿಐಗೂ ಸೇರಿ, ಶೇ. 1. ಕಿರಾಣಿ, ಹಾಲು, ಸೂಪರ್ ಮಾರ್ಕೆಟ್ ಸೇರಿ 8,500 ರೂ. ಇದರಲ್ಲಿ ಹೋದರೆ ತಿಂಗಳಿಗೆ 85, ವರ್ಷಕ್ಕೆ 1,020 ರೂ. ಉಳಿಯುತ್ತದೆ.

ಜಾಹೀರಾತಿನಲ್ಲಿ ಶೇ. 5 ದೊಡ್ಡದಾಗಿ ಕಾಣುತ್ತದೆ, ಶೇ. 1 ಸಪ್ಪೆ ಅನ್ನಿಸುತ್ತದೆ. ನಮ್ಮೂರಿನ ಖರ್ಚಿಗೆ ಹಾಕಿ ನೋಡಿದರೆ ಲೆಕ್ಕ ಉಲ್ಟಾ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಮಕ್ಕಳು ಎಲ್ಲವನ್ನೂ ಆನ್‌ಲೈನ್‌ನಲ್ಲೇ ತರಿಸುವ ಮನೆಯಾದರೆ ಮೊದಲ ಕಾರ್ಡೇ ಗೆಲ್ಲಬಹುದು.

ಬೀದಿ ಅಂಗಡಿಯ ಕ್ಯೂಆರ್‌ಗೆ ಕ್ರೆಡಿಟ್ ಕಾರ್ಡ್‌ನಿಂದ ಕಟ್ಟಬಹುದಾ?

ರುಪೇ ಕ್ರೆಡಿಟ್ ಕಾರ್ಡ್ ಆಗಿದ್ದರೆ ಕಟ್ಟಬಹುದು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಆರ್‌ಬಿಐ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಸೇವೆ ಶುರುವಾಯಿತು. ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂನಂಥ ಆ್ಯಪ್‌ನಲ್ಲಿ ಕಾರ್ಡ್ ಸೇರಿಸಿ, ಅದಕ್ಕೊಂದು ಯುಪಿಐ ಪಿನ್ ಇಟ್ಟುಕೊಂಡರೆ ಸಾಕು. ಸ್ಕ್ಯಾನ್ ಮಾಡಿದಾಗ ಬ್ಯಾಂಕ್ ಖಾತೆಯ ಬದಲು ಕಾರ್ಡ್ ಆರಿಸಿ. ಕಾರ್ಡ್ ಮನೆಯಲ್ಲೇ ಇದ್ದರೂ ನಡೆಯುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡ್‌ಗಳಿಗೆ ಈ ಸೌಲಭ್ಯವಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಕಾರ್ಡ್ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದೇ: ಇದು ರುಪೇಯಲ್ಲಿ ಸಿಗುತ್ತದಾ? ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಸ್ವೈಪ್ ಮಷಿನ್ ಇಟ್ಟಿರುವ ಕಿರಾಣಿ ಅಂಗಡಿ ಹುಡುಕಬೇಕು. ಕ್ಯೂಆರ್ ಹಾಳೆ ಮಾತ್ರ ಎಳನೀರಿನ ಗಾಡಿಯ ಮೇಲೂ ಇದೆ. ದೊಡ್ಡ ಕಾರ್ಡ್ ಸಂಸ್ಥೆಗಳು ಹೊಸ ಕಾರ್ಡ್ ಕೊಡುವಾಗ ಯಾವ ನೆಟ್‌ವರ್ಕ್ ಬೇಕು ಎಂದು ಗ್ರಾಹಕರನ್ನೇ ಕೇಳಬೇಕು. 2024ರ ಮಾರ್ಚ್‌ನಲ್ಲಿ ಆರ್‌ಬಿಐ ಆದೇಶ ಮಾಡಿ, ಆ ಸೆಪ್ಟೆಂಬರ್‌ನಿಂದ ಜಾರಿಗೆ ತಂದ ನಿಯಮ ಇದು. ಅರ್ಜಿಯಲ್ಲಿ ಆ ಜಾಗ ಕಂಡರೆ ಸುಮ್ನೆ ದಾಟಿ ಹೋಗಬೇಡಿ.

ಒಂದು ಎಚ್ಚರ. ಕಾರ್ಡ್ ಸ್ವೈಪ್ ಮಾಡಿದಾಗ ಕೊಡುವ ಪಾಯಿಂಟನ್ನೇ ಯುಪಿಐಗೂ ಕೊಡುತ್ತಾರೆ ಅಂತ ನಂಬಬೇಡಿ. ಕೆಲವು ಬ್ಯಾಂಕ್ ಅರ್ಧ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ, ಕೆಲವು ತಮ್ಮದೇ ಆ್ಯಪ್‌ನಿಂದ ಕಟ್ಟಿದರೆ ಮಾತ್ರ ಕೊಡುತ್ತವೆ. ಇದಕ್ಕೆ ಕಾರಣವಿದೆ. ಸಣ್ಣ ವ್ಯಾಪಾರಿಗೆ 2,000 ರೂ.ವರೆಗಿನ ಇಂಥ ವಹಿವಾಟಿಗೆ ಶುಲ್ಕವಿಲ್ಲ. ಅಂಗಡಿಯಿಂದ ಬ್ಯಾಂಕ್‌ಗೆ ಏನೂ ಬಾರದಿದ್ದಾಗ ನಿಮಗೆ ಹಂಚಲು ಅದರ ಬಳಿ ಏನಿರುತ್ತದೆ? ಹಾಗಾಗಿ ನಿಯಮದ ಪತ್ರದಲ್ಲಿ ಯುಪಿಐ ಬಗ್ಗೆ ಇರುವ ಸಾಲನ್ನು ಹುಡುಕಿ ಓದಿ.

ಸಂತೆಯಲ್ಲಿ ಸ್ಕ್ಯಾನ್ ಮಾಡಿದರೆ ಕಾರ್ಡ್ ತೋರಿಸೋದೇ ಇಲ್ಲ. ಏನು ತೊಂದರೆ?

ತೊಂದರೆ ನಿಮ್ಮ ಕಾರ್ಡ್‌ನದ್ದಲ್ಲ. ಕ್ರೆಡಿಟ್ ಕಾರ್ಡ್‌ನ ದುಡ್ಡು ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ಹೋಗುತ್ತದೆ. ಸೊಪ್ಪು ಮಾರುವ ಅಜ್ಜಿ ಇಟ್ಟಿರುವುದು ಮಗನ ಫೋನ್‌ನ ವೈಯಕ್ತಿಕ ಕ್ಯೂಆರ್ ಆಗಿದ್ದರೆ ಅಲ್ಲಿಗೆ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಕ್ರೆಡಿಟ್ ಕಾರ್ಡ್‌ನಿಂದ ಯುಪಿಐ ಮಾಡಲು ಬಿಡುವುದಿಲ್ಲ. ಕೆಲವು ಅಂಗಡಿಗಳ ಕ್ಯೂಆರ್‌ನಲ್ಲಿ ಕ್ರೆಡಿಟ್ ಕಾರ್ಡ್ ಸೌಲಭ್ಯವೇ ಇರುವುದಿಲ್ಲ.

ಕ್ಯೂಆರ್ ಇದ್ದರೂ ನಗದೇ ಕೇಳುವವರಿದ್ದಾರೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಆಗ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು ‘ನಗದು ಮಾತ್ರ’ ಅಂತ ಚೀಟಿ ಅಂಟಿಸಿದರು. ಆ ಅಂಜಿಕೆ ಇನ್ನೂ ಅಲ್ಲಲ್ಲಿ ಇದೆ. ಐವತ್ತು ರೂಪಾಯಿ ಸೊಪ್ಪಿಗೆ ಐವತ್ತು ಪೈಸೆ ಕ್ಯಾಶ್‌ಬ್ಯಾಕ್ ಸಿಗಲಿ ಅಂತ ಅವರ ಜೊತೆ ವಾದ ಮಾಡುವುದು ಬೇಡ ಅಲ್ವಾ? ನಗದು ಕೊಟ್ಟು ಬನ್ನಿ.

ಕಾರ್ಡ್ ಕೊಟ್ಟರೆ ಅಂಗಡಿಯವರು ನೂರಕ್ಕೆ ಎರಡು ರೂಪಾಯಿ ಜಾಸ್ತಿ ಕೇಳುತ್ತಾರೆ. ಕೊಡಬೇಕಾ?

ಕೊಟ್ಟರೆ ಕಾರ್ಡ್‌ನಿಂದ ನಿಮಗೆ ನಷ್ಟ, ಅಷ್ಟೇ. ಶೇ. 2 ಕೊಟ್ಟು ಶೇ. 1 ವಾಪಸ್ ಪಡೆಯುವುದರಲ್ಲಿ ಅರ್ಥವಿಲ್ಲ. ಕ್ರೆಡಿಟ್ ಕಾರ್ಡ್ ಸ್ವೈಪ್ ಮಾಡಿದಾಗ ಅಂಗಡಿಯವರಿಗೆ ಸುಮಾರು ಶೇ. 2ರ ಆಸುಪಾಸಿನಲ್ಲಿ ಶುಲ್ಕ ಬೀಳುತ್ತದೆ. ಅಕ್ಕಿ, ಎಣ್ಣೆ, ಸಕ್ಕರೆಯಲ್ಲಿ ಅವರಿಗೆ ಉಳಿಯುವುದೇ ಸ್ವಲ್ಪ. ಆ ಶುಲ್ಕ ಗ್ರಾಹಕರ ಮೇಲೆ ಹಾಕುವುದು ಸರಿಯಲ್ಲ ನಿಜ. ಆದರೂ ಜಗಳಕ್ಕಿಂತ ಬೇರೆ ದಾರಿ ಸುಲಭ: ಖಾತೆಯಿಂದ ಯುಪಿಐ ಮಾಡಿ. ವ್ಯಾಪಾರಿಗೂ ಖರ್ಚಿಲ್ಲ, ನಿಮಗೂ ಇಲ್ಲ. ಮೂಟೆ ಅಕ್ಕಿಗೆ ನಗದು ಕೊಟ್ಟರೆ ಐವತ್ತು ರೂಪಾಯಿ ಬಿಡುವ ಅಂಗಡಿಯವರೂ ನಮ್ಮಲ್ಲಿದ್ದಾರೆ. ಅದನ್ನು ಮೀರಿಸುವ ಕ್ಯಾಶ್‌ಬ್ಯಾಕ್ ಯಾವ ಕಾರ್ಡ್‌ನಲ್ಲೂ ಸುಲಭಕ್ಕೆ ಸಿಗದು.

‘ದಿನಸಿಗೆ ಹೆಚ್ಚು ಪಾಯಿಂಟ್’ ಅಂತ ಇತ್ತು. ಸಾಮಾನು ತಂದರೂ ಪಾಯಿಂಟ್ ಬರಲಿಲ್ಲ. ಯಾಕೆ?

ನೀವು ಏನು ಕೊಂಡಿರಿ ಅನ್ನುವುದು ಬ್ಯಾಂಕ್‌ಗೆ ಗೊತ್ತಾಗುವುದಿಲ್ಲ. ಯಾವ ಅಂಗಡಿ ಅನ್ನುವುದು ಮಾತ್ರ ಗೊತ್ತು. ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ವರ್ಗ ಸಂಖ್ಯೆ ಇರುತ್ತದೆ. ಮಷಿನ್ ಅಥವಾ ಕ್ಯೂಆರ್ ಕೊಡುವಾಗ ಅದನ್ನು ನಿಗದಿ ಮಾಡುತ್ತಾರೆ. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ಗೆ 5411. ಬಟ್ಟೆ, ಪಾತ್ರೆ ಎಲ್ಲ ಮಾರುವ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ 5311. ಹಾಲಿನ ಅಂಗಡಿಗೆ 5451, ಬಗೆಬಗೆಯ ತಿನಿಸಿನ ಸಣ್ಣ ಅಂಗಡಿಗಳಿಗೆ 5499, ಔಷಧಿ ಅಂಗಡಿಗೆ 5912. ಅಯ್ಯಂಗಾರ್ ಬೇಕರಿಗಳ ತವರು ನಮ್ಮ ಹಾಸನ ಜಿಲ್ಲೆ ಅಂತ ನಾವು ಹೆಮ್ಮೆ ಪಡುತ್ತೇವೆ. ಆದರೆ ಕಾರ್ಡ್‌ನವರಿಗೆ ಬೇಕರಿ ದಿನಸಿಯಲ್ಲ, ಅದರ ಸಂಖ್ಯೆ 5462.

ಹಾಗಾಗಿ ಒಂದೇ ಬ್ರಾಂಡ್ ಎಣ್ಣೆಗೆ ಒಂದು ಅಂಗಡಿಯಲ್ಲಿ ಹತ್ತು ಪಾಯಿಂಟ್, ಪಕ್ಕದ ಅಂಗಡಿಯಲ್ಲಿ ಒಂದು ಪಾಯಿಂಟ್ ಬರಬಹುದು. ಚಿಕ್ಕಮಗಳೂರಿನಲ್ಲಿ ಹುರಿದು ಪುಡಿ ಮಾಡಿಕೊಡುವ ಕಾಫಿ ಅಂಗಡಿ ಯಾವ ಸಂಖ್ಯೆಯಲ್ಲಿದೆ ಅನ್ನುವುದು ಹೊರಗಿನಿಂದ ತಿಳಿಯುವುದಿಲ್ಲ. ಕಿರಾಣಿ ಅಂಗಡಿಯವನೇ ಮಷಿನ್ ಪಡೆಯುವಾಗ ಬೇರೆ ವ್ಯಾಪಾರ ಅಂತ ಬರೆಸಿರಲೂಬಹುದು. ಸಣ್ಣದೊಂದು ಸಾಮಾನು ಕೊಂಡು, ಪಾಯಿಂಟ್ ಎಷ್ಟು ಬಂತು ಅಂತ ಸ್ಟೇಟ್‌ಮೆಂಟ್‌ನಲ್ಲಿ ನೋಡಿ. ಆಮೇಲೆ ತಿಂಗಳ ದೊಡ್ಡ ಬಿಲ್ ಅಲ್ಲಿ ಮಾಡಿ.

ತಿಂಗಳ ಮಿತಿಯನ್ನೂ ನೋಡಿ. ದಿನಸಿಗೆ ಇಷ್ಟೇ ಪಾಯಿಂಟ್ ಅಂತ ಹಲವು ಬ್ಯಾಂಕ್‌ಗಳು ಗೆರೆ ಎಳೆದಿವೆ. ಮದುವೆ, ಗೃಹಪ್ರವೇಶದ ಸಾಮಾನು ಒಂದೇ ಸಲ ತರುವವರಿಗೆ ಇದು ಬಿಸಿ ಮುಟ್ಟಿಸುತ್ತದೆ.

ಪಾಯಿಂಟ್ ಒಳ್ಳೆಯದಾ, ಕ್ಯಾಶ್‌ಬ್ಯಾಕಾ?

ದಿನಸಿಗೆ ಕ್ಯಾಶ್‌ಬ್ಯಾಕ್. ಪಾಯಿಂಟ್ ಆದರೆ ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಅಂತ ಮೊದಲು ಕೇಳಿ. ಎಸ್‌ಬಿಐನ ಸಿಂಪ್ಲಿಸೇವ್ ಕಾರ್ಡ್ ನೋಡಿ. ದಿನಸಿ, ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಪ್ರತಿ 150 ರೂ.ಗೆ 10 ಪಾಯಿಂಟ್ ಅನ್ನುವುದು ಅದರ ಆಕರ್ಷಣೆ. ಆದರೆ 4 ಪಾಯಿಂಟ್ ಸೇರಿದರೆ 1 ರೂ. ಅಂದರೆ 150ಕ್ಕೆ ಎರಡೂವರೆ ರೂಪಾಯಿ, ಶೇ. 1.67 ಆಯಿತು. ಕೆಟ್ಟದ್ದಲ್ಲ, ಆದರೆ ‘ಹತ್ತು ಪಟ್ಟು’ ಅಂದಾಗ ಮನಸ್ಸಿಗೆ ಬರುವಷ್ಟು ದೊಡ್ಡದೂ ಅಲ್ಲ. ವರ್ಷಕ್ಕೆ 499 ರೂ. ಶುಲ್ಕ, ಜಿಎಸ್‌ಟಿ ಸೇರಿ 589. ಮೇಲಿನ ಮನೆಯಂತೆ ಸೂಪರ್ ಮಾರ್ಕೆಟ್‌ನ 3,000 ರೂ. ಮಾತ್ರ ಇದರಲ್ಲಿ ಹೋದರೆ ವರ್ಷಕ್ಕೆ ಬರುವುದು 600. ಉಳಿತಾಯ ಹನ್ನೊಂದು ರೂಪಾಯಿ! ವರ್ಷಕ್ಕೆ 1 ಲಕ್ಷ ಖರ್ಚು ಮಾಡಿ ಶುಲ್ಕ ಬಿಡಿಸಿಕೊಳ್ಳುವವರಿಗೆ ಮಾತ್ರ ಇದರ ಲೆಕ್ಕ ಕೂಡಿ ಬರುತ್ತದೆ.

ಪಾಯಿಂಟ್‌ಗೆ ಅವಧಿ ಇರುತ್ತದೆ, ಬಳಸಿಕೊಳ್ಳಲು ಕೆಲವರು ಬೇರೆ ಶುಲ್ಕವನ್ನೂ ಹಾಕುತ್ತಾರೆ. ಕ್ಯಾಶ್‌ಬ್ಯಾಕ್‌ನಲ್ಲಿ ಈ ತಲೆನೋವು ಕಡಿಮೆ.

ಶುಲ್ಕ ಇರುವ ಕಾರ್ಡ್ ಯಾವಾಗ ತಗೋಬಹುದು?

ನಿಮ್ಮ ಸಹಜ ಖರ್ಚಿನಲ್ಲೇ ಶುಲ್ಕ ಮನ್ನಾ ಆಗುವ ಮಿತಿ ದಾಟುತ್ತಿದ್ದರೆ. ಮಿತಿ ಮುಟ್ಟಿಸಲೆಂದೇ ಮಾರ್ಚ್‌ನಲ್ಲಿ ಮಿಕ್ಸಿ ಕೊಳ್ಳುವ ಹಾಗಾದರೆ ಬೇಡ. ‘ಲೈಫ್‌ಟೈಮ್ ಫ್ರೀ’ ಅಂದರೂ ತಡ ಪಾವತಿ ಶುಲ್ಕ, ಬಡ್ಡಿ, ಎಟಿಎಂನಲ್ಲಿ ನಗದು ತೆಗೆದ ಶುಲ್ಕ ಎಲ್ಲ ಇದ್ದೇ ಇರುತ್ತವೆ.

ಬೆಂಗಳೂರಿನ ತಂಗಿ ಶೇ. 5, ಶೇ. 10 ಸಿಗುತ್ತದೆ ಅನ್ನುತ್ತಾಳೆ. ನಮಗೆ ಸಿಗಲ್ವಾ?

ಅಂಥ ಕಾರ್ಡ್‌ಗಳು ಒಂದು ಆ್ಯಪ್ ಅಥವಾ ಕಂಪನಿಗೆ ಅಂಟಿಕೊಂಡಿರುತ್ತವೆ. ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಅಮೆಜಾನ್‌ನಲ್ಲಿ ಪ್ರೈಮ್ ಸದಸ್ಯರಿಗೆ ಶೇ. 5, ಉಳಿದವರಿಗೆ ಶೇ. 3 ಅಂತ ಬಂದದ್ದು, ವಾರ್ಷಿಕ ಶುಲ್ಕವಿಲ್ಲ. ಸ್ವಿಗ್ಗಿ ಹೆಸರಿನ ಎಚ್‌ಡಿಎಫ್‌ಸಿ ಕಾರ್ಡ್‌ನ ಲಾಭ ಸ್ವಿಗ್ಗಿಯಲ್ಲೇ ಜಾಸ್ತಿ. ಟಾಟಾ ನ್ಯೂ ಕಾರ್ಡ್‌ನದ್ದು ಬಿಗ್ ಬಾಸ್ಕೆಟ್‌ನಂಥ ಟಾಟಾ ಅಂಗಡಿಗಳಲ್ಲಿ.

ಅರ್ಜಿ ಹಾಕುವ ಮೊದಲು ಆ ಆ್ಯಪ್ ತೆರೆದು ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ಹಾಸನ ನಗರದ 573201, ಚಿಕ್ಕಮಗಳೂರು ನಗರದ 577101ಕ್ಕೆ ತಲುಪಿಸುವ ಸಾಮಾನು ಆಲೂರಿನ ಹಳ್ಳಿಗೋ ಕೊಪ್ಪದ ತೋಟದ ಮನೆಗೋ ಬರುತ್ತದೆ ಅಂತಿಲ್ಲ. ಅಕ್ಕಿ, ಬೇಳೆ ಬಂದರೂ ಹಾಲು, ತರಕಾರಿ ಬಾರದಿರಬಹುದು. ಆನ್‌ಲೈನ್ ಬೆಲೆ ಕಿರಾಣಿ ಬೆಲೆಗಿಂತ ಜಾಸ್ತಿ ಇದ್ದರೆ ಶೇ. 5 ಅಲ್ಲೇ ಕರಗಿತು. ಕೆಲವು ವಿದೇಶಿ ಬ್ಯಾಂಕ್‌ಗಳಂತೂ ಆಯ್ದ ನಗರಗಳ ವಿಳಾಸಕ್ಕೆ ಮಾತ್ರ ಕಾರ್ಡ್ ಕೊಡುತ್ತವೆ.

ಸೋಪು, ಡೈಪರ್, ಟೀ ಪುಡಿ, ಒಣ ಹಣ್ಣಿನಂಥ ಕೆಡದ ಸಾಮಾನನ್ನು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ತರಿಸುವವರು ಶುಲ್ಕವಿಲ್ಲದ ಇಂಥ ಒಂದು ಕಾರ್ಡ್ ಇಟ್ಟುಕೊಳ್ಳಬಹುದು. ಜೊತೆಗೊಂದು ರುಪೇ ಕಾರ್ಡ್. ಎರಡಕ್ಕಿಂತ ಜಾಸ್ತಿ ದಿನಸಿಗೆ ಬೇಡ.

ಒಂದು ತಿಂಗಳು ಪೂರ್ತಿ ಕಟ್ಟದಿದ್ದರೆ ಏನಾಗುತ್ತೆ? ‘ಮಿನಿಮಮ್’ ಕಟ್ಟಿದರೆ ಸಾಕಲ್ವಾ?

ಸಾಲದು. ಮಿನಿಮಮ್ ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬಿಲ್‌ನಲ್ಲಿ ತೋರಿಸುವ ಸಣ್ಣ ಮೊತ್ತ, ಅಷ್ಟೇ. ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ, ಅಂದರೆ ವರ್ಷಕ್ಕೆ ಶೇ. 42. ಹಿಂದೆ ರಾಷ್ಟ್ರೀಯ ಗ್ರಾಹಕ ಆಯೋಗ ಶೇ. 30 ದಾಟಬಾರದು ಎಂದು 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿತು.

10,000 ರೂ. ಬಿಲ್ ಬಂತು. ಮಿನಿಮಮ್ ಅಂತ 500 ಕಟ್ಟಿದಿರಿ. ಉಳಿದ 9,500ಕ್ಕೆ ಒಂದು ತಿಂಗಳ ಬಡ್ಡಿ 332 ರೂ. ಬಡ್ಡಿಯ ಮೇಲೂ ಶೇ. 18 ಜಿಎಸ್‌ಟಿ ಇದೆ. ಸೇರಿ ಸುಮಾರು 392. ಆ ಹತ್ತು ಸಾವಿರಕ್ಕೆ ನಿಮಗೆ ಸಿಕ್ಕ ಕ್ಯಾಶ್‌ಬ್ಯಾಕ್ 100 ರೂ. ಹೀಗೆ ಒಂದು ತಿಂಗಳ ಬಾಕಿ ನಾಲ್ಕು ತಿಂಗಳ ಕ್ಯಾಶ್‌ಬ್ಯಾಕನ್ನು ನುಂಗಿತು. ಇದು ಕಡಿಮೆ ಲೆಕ್ಕ. ನಿಜವಾಗಿ ಬಡ್ಡಿ ಎಣಿಸುವುದು ಸಾಮಾನು ಕೊಂಡ ದಿನದಿಂದ. ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಹಾಲು, ಮೊಸರಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಆ ಬಡ್ಡಿಯಿಲ್ಲದ ದಿನಗಳು ಪೂರ್ತಿ ಕಟ್ಟುವವರಿಗೆ ಮಾತ್ರ.

ಮಿನಿಮಮ್ ಕಟ್ಟಿದರೆ ತಪ್ಪುವುದು ತಡ ಪಾವತಿ ಶುಲ್ಕ, ಸಿಬಿಲ್‌ನಲ್ಲಿ ಕಪ್ಪು ಗುರುತು. ಬಡ್ಡಿ ತಪ್ಪುವುದಿಲ್ಲ. ಖಾತೆಯಿಂದ ಪೂರ್ತಿ ಮೊತ್ತ ತಾನೇ ಕಡಿತವಾಗುವಂತೆ ಆಟೋ ಡೆಬಿಟ್ ಹಾಕಿಬಿಡಿ. ಹಾಕುವಾಗ ‘ಮಿನಿಮಮ್’ ಅಲ್ಲ, ‘ಒಟ್ಟು ಬಾಕಿ’ ಆರಿಸಿದ್ದೀರಾ ಅಂತ ಮತ್ತೊಮ್ಮೆ ನೋಡಿ. ಗಡುವಿನ ದಿನ ಮರೆತುಹೋದರೆ ಗಾಬರಿ ಬೇಡ, ಮೂರು ದಿನ ದಾಟಿದ ಮೇಲೆಯೇ ತಡ ಶುಲ್ಕ ಹಾಕಬೇಕು ಅನ್ನುವುದು ಆರ್‌ಬಿಐ ನಿಯಮ. ಸಂಬಳದ ದಿನಕ್ಕೂ ಬಿಲ್ ದಿನಕ್ಕೂ ಹೊಂದಿಕೆಯಾಗದಿದ್ದರೆ ಬಿಲ್ಲಿಂಗ್ ಸೈಕಲ್ಲನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಹಕ್ಕೂ ನಿಮಗಿದೆ.

ಅಂಗಡಿಯಲ್ಲಿ ಲೆಕ್ಕ ಬರೆಸಿ ತಿಂಗಳ ಕೊನೆಗೆ ಕೊಡುತ್ತೇವೆ. ಅದನ್ನು ಬಿಟ್ಟು ಕಾರ್ಡ್‌ಗೆ ಬರಬೇಕಾ?

ಯಾಕೆ ಬಿಡಬೇಕು? ಅಂಗಡಿಯವರ ಪುಸ್ತಕದಲ್ಲಿ ಬಡ್ಡಿಯಿಲ್ಲ, ಒಂದು ವಾರ ತಡವಾದರೆ ಸಿಬಿಲ್‌ಗೆ ವರದಿ ಹೋಗುವುದಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ಅವರು ಕಾಯುತ್ತಾರೆ, ಬ್ಯಾಂಕ್ ಕಾಯುವುದಿಲ್ಲ. ಹಾಗಂತ ಅದೂ ಪೂರಾ ಪುಕ್ಕಟೆಯಲ್ಲ. ಲೆಕ್ಕ ಬರೆಸುವವರು ಬೆಲೆ ಕೇಳುವುದು ಕಡಿಮೆ, ಬೇರೆ ಅಂಗಡಿಗೆ ಹೋಗಲು ಸಂಕೋಚ. ತಿಂಗಳ ಕೊನೆಗೆ ಆ ಲೆಕ್ಕವನ್ನು ಅವರ ವ್ಯಾಪಾರಿ ಕ್ಯೂಆರ್‌ಗೆ ರುಪೇ ಕಾರ್ಡ್‌ನಿಂದ ಕಟ್ಟುವವರೂ ಇದ್ದಾರೆ. ಮೊತ್ತ 2,000 ದಾಟಿದರೆ ಅಂಗಡಿಯವರಿಗೆ ಶುಲ್ಕ ಬೀಳಬಹುದು, ಅದಕ್ಕೆ ಮೊದಲೇ ಒಂದು ಮಾತು ಕೇಳುವುದು ಮರ್ಯಾದೆ.

ನಮ್ಮದು ಕಾಫಿ ತೋಟ. ಸಂಬಳದ ಚೀಟಿ ಇಲ್ಲ. ಕಾರ್ಡ್ ಸಿಗುತ್ತಾ?

ಎರಡು ದಾರಿಗಳಿವೆ. ಒಂದು, ಆದಾಯ ತೆರಿಗೆ ರಿಟರ್ನ್ ಸಲ್ಲಿಸುತ್ತಿದ್ದರೆ ಅದನ್ನು ತೋರಿಸಿ, ವ್ಯವಹಾರವಿರುವ ಬ್ಯಾಂಕ್‌ನಲ್ಲೇ ಕೇಳುವುದು. ಇನ್ನೊಂದು, ನಿಶ್ಚಿತ ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯುವುದು. ಠೇವಣಿಯ ಶೇ. 75ರಿಂದ 90ರಷ್ಟು ಮಿತಿ ಕೊಡುವುದು ಸಾಮಾನ್ಯ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಸಂಬಳದ ಚೀಟಿ ಕೇಳುವುದಿಲ್ಲ, ಸಿಬಿಲ್ ಇತಿಹಾಸ ಇಲ್ಲದವರಿಗೂ ಸಿಗುತ್ತದೆ. ನಿವೃತ್ತರು, ಗೃಹಿಣಿಯರು, ಈಗಷ್ಟೇ ಕೆಲಸಕ್ಕೆ ಸೇರಿದವರಿಗೂ ನನ್ನ ಸಲಹೆ ಇದೇ. ದಿನಸಿಗೆ 25,000 ರೂ. ಠೇವಣಿಯ ಕಾರ್ಡ್ ಧಾರಾಳವಾಗಿ ಸಾಕು.

ತೋಟದವರು ಒಂದು ವಿಷಯ ನೆನಪಿಡಬೇಕು. ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ವರ್ಷಕ್ಕೊಮ್ಮೆ. ಕಾರ್ಡ್ ಬಿಲ್ ಬರುವುದು ಪ್ರತಿ ತಿಂಗಳು. ವಾರದ ಬಟವಾಡೆಗೆ ನಗದು ತೆಗೆದಿಡುವ ಹಾಗೆ ಕಾರ್ಡ್ ಬಿಲ್‌ಗೂ ಆರು ತಿಂಗಳ ಹಣ ಖಾತೆಯಲ್ಲಿ ಬೇರೆ ಇಟ್ಟರೆ ಮಾತ್ರ ಇದು ನಡೆಯುತ್ತದೆ. ‘ಕಾಫಿ ಮಾರಿದ ಮೇಲೆ ಕಟ್ಟೋಣ’ ಅನ್ನುವ ಲೆಕ್ಕ ಶೇ. 42 ಬಡ್ಡಿಯ ಮುಂದೆ ನಿಲ್ಲುವುದಿಲ್ಲ. ಬಟವಾಡೆಗಂತೂ ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯಲೇಬೇಡಿ. ಶುಲ್ಕ ಬೇರೆ, ತೆಗೆದ ದಿನದಿಂದಲೇ ಬಡ್ಡಿ ಬೇರೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಅದರಲ್ಲೇ ದಿನಸಿ ತರಬಹುದಾ?

ಹೆಸರು ಒಂದೇ ಥರ, ಕೆಲಸ ಬೇರೆ. ಕೆಸಿಸಿ ಬೆಳೆ ಸಾಲದ ಖಾತೆ. ಅದಕ್ಕೆ ಕೊಡುವ ಪ್ಲಾಸ್ಟಿಕ್ ಕಾರ್ಡ್ ಆ ಖಾತೆಯ ಡೆಬಿಟ್ ಕಾರ್ಡ್ ಇದ್ದ ಹಾಗೆ. ಅದರ ಮಿತಿ ಲೆಕ್ಕ ಹಾಕುವಾಗ ಬೆಳೆ ವೆಚ್ಚದ ಮೇಲೆ ಶೇ. 10ರಷ್ಟನ್ನು ಕೊಯ್ಲಿನ ನಂತರದ ಮತ್ತು ಮನೆ ಬಳಕೆಯ ಅಗತ್ಯಕ್ಕೆ ಅಂತ ಸೇರಿಸಿರುತ್ತಾರೆ. ಹಾಗಾಗಿ ಮನೆ ಖರ್ಚಿಗೆ ಸ್ವಲ್ಪ ಬಳಸುವುದು ತಪ್ಪಲ್ಲ. ಬಡ್ಡಿ ಶೇ. 7, ಸಕಾಲಕ್ಕೆ ತೀರಿಸಿದವರಿಗೆ ಶೇ. 4ಕ್ಕೆ ಇಳಿಯುತ್ತದೆ. ಆದರೆ ಇಲ್ಲಿ ಬಡ್ಡಿಯಿಲ್ಲದ 50 ದಿನಗಳಿಲ್ಲ, ಕ್ಯಾಶ್‌ಬ್ಯಾಕೂ ಇಲ್ಲ. ಗೊಬ್ಬರದ ದುಡ್ಡು ಬೇಳೆಗೆ ಹೋದರೆ ಮಳೆ ಬಂದಾಗ ಕಷ್ಟ.

ಯಾವ ಬ್ಯಾಂಕ್‌ನಲ್ಲಿ ಕೇಳಲಿ?

ಈಗಾಗಲೇ ಖಾತೆ ಇರುವ ಬ್ಯಾಂಕ್‌ನಲ್ಲಿ. ಮಲೆನಾಡಿನಲ್ಲಿ ಎಷ್ಟೋ ಮನೆಗಳ ಹಳೆಯ ಖಾತೆ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕ್‌ಗಳಲ್ಲಿದ್ದವು. 2019–20ರಲ್ಲಿ ಅವು ಕ್ರಮವಾಗಿ ಕೆನರಾ, ಬ್ಯಾಂಕ್ ಆಫ್ ಬರೋಡಾ, ಯೂನಿಯನ್ ಬ್ಯಾಂಕ್‌ನಲ್ಲಿ ಸೇರಿಹೋದವು. ಈ ಮೂರೂ ಕಡೆ ರುಪೇ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಆಫರ್ ಖಾಸಗಿ ಬ್ಯಾಂಕ್‌ನಷ್ಟು ಥಳಥಳಿಸದಿರಬಹುದು. ಆದರೆ ತೊಂದರೆಯಾದರೆ ಹೋಗಿ ಕೂರಲು ಊರಲ್ಲೇ ಶಾಖೆ ಇದೆ, ಕನ್ನಡದಲ್ಲಿ ಮಾತಾಡಲು ಜನ ಇದ್ದಾರೆ. ಸಣ್ಣ ಊರಿನಲ್ಲಿ ಇದಕ್ಕೆ ಬೆಲೆ ಇದೆ.

ನಮ್ಮ ತೋಟದ ಹತ್ತಿರ ಸಿಗ್ನಲ್ ಇಲ್ಲ. ಒಟಿಪಿ ಬರದಿದ್ದರೆ?

ಅಂಗಡಿಯ ಮಷಿನ್‌ನಲ್ಲಿ ಕಾರ್ಡ್ ಹಾಕಿ ಪಿನ್ ಒತ್ತಿದರೆ ಒಟಿಪಿ ಬೇಕಿಲ್ಲ. 5,000 ರೂ.ವರೆಗೆ ಪಿನ್ ಇಲ್ಲದೆ ಮುಟ್ಟಿಸಿಯೂ ಕಟ್ಟಬಹುದು. ಹೊಸ ಕಾರ್ಡ್‌ನಲ್ಲಿ ಆ ಸೌಲಭ್ಯ ಆಫ್ ಆಗಿರುತ್ತದೆ, ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಅಲ್ಲೇ 5,000ದ ಮಿತಿಯನ್ನು 1,000ಕ್ಕೋ 2,000ಕ್ಕೋ ಇಳಿಸಬಹುದು. ಕಾರ್ಡ್ ಕಳೆದರೂ ನಷ್ಟ ಸಣ್ಣದಿರಲಿ. ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದ ದಿನ ಜೇಬಿನ ನೋಟೇ ಗತಿ.

ಮನೆಯವರಿಗೆ ಇನ್ನೊಂದು ಕಾರ್ಡ್ ಕೊಡಿಸಬಹುದಾ?

ಆ್ಯಡ್-ಆನ್ ಕಾರ್ಡ್ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಮಿತಿ ಒಂದೇ, ಬಿಲ್ ಒಂದೇ, ಕಟ್ಟುವ ಹೊಣೆ ಮುಖ್ಯ ಕಾರ್ಡ್‌ನವರದ್ದು.

ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಟೇಬಲ್ ಹಾಕಿ ಕಾರ್ಡ್ ಕೊಡುವವರನ್ನು ನಂಬಬಹುದಾ?

ಕೇಳುವುದರಲ್ಲಿ ತಪ್ಪಿಲ್ಲ, ಅಲ್ಲೇ ಸಹಿ ಹಾಕಬೇಡಿ. ಶುಲ್ಕ, ಬಡ್ಡಿ, ಯುಪಿಐ ಪಾಯಿಂಟ್ ಬಗ್ಗೆ ಬರಹದಲ್ಲಿ ಕೇಳಿ, ಮನೆಯಲ್ಲಿ ಓದಿ. ಉಡುಗೊರೆ ಬ್ಯಾಗಿಗಾಗಿ ನಾಲ್ಕು ಕಡೆ ಅರ್ಜಿ ಕೊಟ್ಟರೆ ಆ ನಾಲ್ಕೂ ವಿಚಾರಣೆ ಸಿಬಿಲ್‌ನಲ್ಲಿ ದಾಖಲಾಗುತ್ತವೆ. ಕೇಳದೆ ಕಾರ್ಡ್ ಕಳಿಸುವುದನ್ನು ಆರ್‌ಬಿಐ ನಿಷೇಧಿಸಿದೆ. ಹಾಗೆ ಕಳಿಸಿ ಶುಲ್ಕ ಹಾಕಿದರೆ ಆ ಶುಲ್ಕ ವಾಪಸ್ ಮಾಡುವುದರ ಜೊತೆಗೆ ಅದರ ಎರಡು ಪಟ್ಟು ದಂಡವನ್ನೂ ಕೊಡಬೇಕು.

ಪಾಯಿಂಟ್ ಮುಗಿದುಹೋಗುತ್ತೆ ಅಂತ ಫೋನ್ ಬಂತು. ಲಿಂಕ್ ಒತ್ತಲಾ?

ಒತ್ತಬೇಡಿ. ಫೋನ್ ಇಟ್ಟು, ಕಾರ್ಡ್ ಹಿಂದೆ ಇರುವ ಸಂಖ್ಯೆಗೆ ನೀವೇ ಕರೆ ಮಾಡಿ. ದುಡ್ಡು ಹೋಗಿಯೇ ಬಿಟ್ಟರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಹೇಳಿ, ಬ್ಯಾಂಕ್‌ಗೆ ಬರೆದು ಕೊಡಿ. ನಿಮ್ಮದಾಗಲಿ ಬ್ಯಾಂಕ್‌ನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ನೀವೇ ಒಟಿಪಿ ಹೇಳಿದ್ದರೆ ಈ ರಕ್ಷಣೆ ಸಿಗುವುದು ಕಷ್ಟ. ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ಕೇಳುವ ಅಧಿಕಾರಿ) ಪುಕ್ಕಟೆಯಾಗಿ ದೂರು ಕೊಡಬಹುದು.

ಕಾರ್ಡ್ ಬೇಡ ಅನ್ನಿಸಿದರೆ ಮುಚ್ಚಿಸೋದು ಹೇಗೆ?

ಮೊದಲು ಪಾಯಿಂಟ್ ಬಳಸಿ ಮುಗಿಸಿ, ಬಾಕಿ ಪೂರ್ತಿ ಕಟ್ಟಿ, ಆಟೋ ಪೇ ಇದ್ದರೆ ತೆಗೆಯಿರಿ. ಆಮೇಲೆ ಆ್ಯಪ್, ಇಮೇಲ್ ಅಥವಾ ಸಹಾಯವಾಣಿಯಲ್ಲಿ ಮುಚ್ಚಲು ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂ. ನಿಮಗೇ ಕೊಡಬೇಕು ಅನ್ನುವುದು 2022ರ ಆರ್‌ಬಿಐ ನಿಯಮ. ಕೇಳಿದ ದಿನಾಂಕ ಇರುವ ಇಮೇಲ್ ಅಥವಾ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕ್ ತಾನೇ ತಿಳಿಸಿ, 30 ದಿನ ಕಾದು ಮುಚ್ಚಬಹುದು. ಆದರೆ ಶುಲ್ಕ ಇರುವ ಕಾರ್ಡ್ ಆದರೆ ಅಷ್ಟು ಕಾಯಬೇಡಿ, ವಾರ್ಷಿಕ ಶುಲ್ಕ ಬೀಳುವ ತಿಂಗಳಿಗೆ ಮೊದಲೇ ಮುಚ್ಚಿಸಿ.